ಎಂಎಸ್ ಇದ್ದಾಗ ತಲೆ ಚುರುಕಾಗಿಡಲು ವ್ಯಾಯಾಮ: ಕೆಟ್ಟ ದಿನದ ಅಳತೆಯಿಂದ ಶುರು ಮಾಡುವ ಕ್ರಮ

ಎಂಎಸ್ ಇರುವ ಹೆಚ್ಚಿನವರು ವ್ಯಾಯಾಮ ಕೈಬಿಡುವುದು ಹೀಗೆ. ಒಂದು ಬೆಳಗ್ಗೆ ಮೈ ಹಗುರ ಅನಿಸುತ್ತದೆ, ಕಾಲು ಹೇಳಿದ ಮಾತು ಕೇಳುತ್ತದೆ, ಇವತ್ತಿಂದಲೇ ಶುರು ಅಂತ 40 ನಿಮಿಷ ಬಿರಬಿರನೆ ನಡೆದುಬಿಡುತ್ತಾರೆ. ಮಧ್ಯಾಹ್ನಕ್ಕೆ ಕಣ್ಣು ಮಂಜು. ಸಂಜೆಗೆ ಕಾಲು ಕೊರಡು, ಬೇಕಾದ ಮಾತು ನಾಲಿಗೆ ತುದಿಯಲ್ಲೇ ನಿಂತುಬಿಡುತ್ತದೆ. ಮರುದಿನ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. ಮೂರನೆಯ ದಿನ, ವ್ಯಾಯಾಮ ನಮ್ಮಂಥವರಿಗಲ್ಲ ಅನ್ನುವ ತೀರ್ಮಾನ. ಎರಡು ತಿಂಗಳು ಕಳೆದ ಮೇಲೆ ಮತ್ತೊಂದು ಒಳ್ಳೆಯ ಬೆಳಗ್ಗೆ ಬರುತ್ತದೆ, ಮತ್ತೆ ಅದೇ ಕತೆ.

ಎಡವಿದ್ದು ಎಲ್ಲಿ ಅಂದರೆ, ಅಳತೆಯನ್ನು ಒಳ್ಳೆಯ ದಿನದಿಂದ ತೆಗೆದುಕೊಂಡದ್ದರಲ್ಲಿ. ಎಂಎಸ್‌ನಲ್ಲಿ, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ, ಅಳತೆ ಕೆಟ್ಟ ದಿನದಿಂದ ಬರಬೇಕು. ಕೆಳಗಿನ ಹಂತಗಳಲ್ಲಿ ಮೊದಲ ನಾಲ್ಕರಲ್ಲಿ ವ್ಯಾಯಾಮವೇ ಇಲ್ಲ, ಬರೀ ತಯಾರಿ. ಅದನ್ನು ಹಾರಿಸಿ ಮುಂದಕ್ಕೆ ಹೋಗುವ ಆಸೆ ಆಗುತ್ತದೆ, ಗೊತ್ತು. ಹಾರಿಸಬೇಡಿ.

## ಶುರು ಮಾಡುವ ಮೊದಲು: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಎಂಎಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರದ ಮೇಲಿರುವ ಮಯಲಿನ್ ಹೊದಿಕೆಯನ್ನು ಕೆಡಿಸುತ್ತದೆ. ಸುಮಾರು 40ರಿಂದ 65 ಶೇಕಡ ಜನರಲ್ಲಿ ಯೋಚನೆ, ನೆನಪು, ಗಮನ ಇವುಗಳಲ್ಲಿ ಒಂದಲ್ಲ ಒಂದು ತೊಂದರೆ ಕಾಣಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಮೊದಲು ನಿಧಾನವಾಗುವುದು ತಲೆ ಓಡುವ ವೇಗ: ಎದುರಿನವರು ಹೇಳಿದ್ದು ಅರ್ಥವಾಗುತ್ತದೆ, ಆದರೆ ಉತ್ತರ ಹೊಳೆಯುವಷ್ಟರಲ್ಲಿ ಮಾತು ಮುಂದಕ್ಕೆ ಹೋಗಿರುತ್ತದೆ. ಆಮೇಲೆ ಹೊಸದನ್ನು ಕಲಿತು ನೆನಪಿಡುವುದು, ಎರಡು ಕೆಲಸ ಒಟ್ಟಿಗೆ ನಿಭಾಯಿಸುವುದು. ಭಾಷೆ ಮತ್ತು ಹಳೆಯ ತಿಳಿವಳಿಕೆ ಬಹುಪಾಲು ಹಾಗೇ ಉಳಿಯುತ್ತವೆ.

ವ್ಯಾಯಾಮದಿಂದ ದಮ್ಮು, ಬಲ, ನಡಿಗೆ, ಸುಸ್ತು, ಮನಸ್ಸಿನ ಉತ್ಸಾಹ ಇವೆಲ್ಲ ಸುಧಾರಿಸುತ್ತವೆ ಅನ್ನುವುದಕ್ಕೆ ಒಳ್ಳೆಯ ಆಧಾರ ಇದೆ. ತಲೆ ಓಡುವ ವೇಗದ ಮಾತು ಬಂದಾಗ ಫಲಿತಾಂಶಗಳು ಒಂದೇ ಥರ ಇಲ್ಲ. 2023ರಲ್ಲಿ ಪ್ರಕಟವಾದ ಕಾಗ್‌ಎಕ್ಸ್ ಅನ್ನುವ ಪ್ರಯೋಗ 6 ದೇಶಗಳಲ್ಲಿ 311 ಜನರ ಮೇಲೆ ನಡೆದದ್ದು. ಎಲ್ಲರೂ ಪ್ರೋಗ್ರೆಸಿವ್ ಎಂಎಸ್, ಅಂದರೆ ಕಾಲ ಕಳೆದಂತೆ ಏರುತ್ತಲೇ ಹೋಗುವ ಎಂಎಸ್, ಇದ್ದವರು. ವಾರಕ್ಕೆ 2 ಸಲದಂತೆ 12 ವಾರ ಒಂದು ಗುಂಪಿಗೆ ವ್ಯಾಯಾಮವನ್ನೂ ಕಂಪ್ಯೂಟರಿನಲ್ಲಿ ಮೆದುಳಿನ ತರಬೇತಿಯನ್ನೂ ಮಾಡಿಸಿದರು, ಉಳಿದವರಿಗೆ ಇವುಗಳಲ್ಲಿ ಒಂದು ಅಥವಾ ಎರಡೂ ತೋರಿಕೆಯದು. ಹೆಸರಿಗಷ್ಟೇ ಇದ್ದ ತೋರಿಕೆಯ ತರಬೇತಿಗಿಂತ ಇದರಿಂದ ತಲೆಯ ವೇಗ ಹೆಚ್ಚೇನೂ ಏರಲಿಲ್ಲ. ಇದನ್ನು ಮುಚ್ಚಿಟ್ಟು ಬರೆಯುವವರು ಜಾಸ್ತಿ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಹಾಗಾದರೆ ಸುಮ್ನೆ ಯಾಕೆ ಮಾಡಬೇಕು? ದಿನನಿತ್ಯ ನಿಮ್ಮನ್ನು ಕಾಡುವ ಮಂಪರಿನಲ್ಲಿ ಮಯಲಿನ್ ಕೆಟ್ಟದ್ದರ ಪಾಲು ಎಷ್ಟು, ಕೆಟ್ಟ ನಿದ್ದೆ, ಸುಸ್ತು, ಖಿನ್ನತೆ, ಬಳಕೆ ತಪ್ಪಿದ ಮೈ ಇವುಗಳ ಪಾಲು ಎಷ್ಟು ಅಂತ ಬೇರೆ ಮಾಡಿ ನೋಡಿದವರು ಕಡಿಮೆ. ಎರಡನೆಯ ಪಾಲಿನ ಮೇಲೆ ವ್ಯಾಯಾಮದ ಕೈ ನಡೆಯುತ್ತದೆ. ಆದರೆ ಎಂಎಸ್‌ಗೆ ಕೊಟ್ಟಿರುವ ಔಷಧಿಯ ಜಾಗವನ್ನು ವ್ಯಾಯಾಮ ತುಂಬುವುದಿಲ್ಲ. ಚೆನ್ನಾಗಿ ನಡೆಯುತ್ತಿದ್ದೇನೆ ಅಂತ ಮಾತ್ರೆ, ಇಂಜೆಕ್ಷನ್ ಬಿಡಬೇಡಿ.

## ಹಂತ 1: ತಲೆಯ ಮೇಲೆ ಕೂತಿರುವ ಬೇರೆ ಭಾರ ಹುಡುಕಿ

ಮೊದಲು ನ್ಯೂರಾಲಜಿಸ್ಟ್ ಹತ್ತಿರ ಹೋಗಿ, ಮರೆವಿನ ಬಗ್ಗೆ ಬಾಯಿಬಿಟ್ಟು ಹೇಳಿ. ಕಾಲು ಎಳೆಯುವುದನ್ನು ಹೇಳುತ್ತೇವೆ, ಮರೆವನ್ನು ನುಂಗಿಕೊಳ್ಳುತ್ತೇವೆ, ನಾಚಿಕೆ ಅಲ್ವಾ. ಥೈರಾಯ್ಡ್ ಮತ್ತು ಬಿ12 ನೋಡಿಸಬೇಕೇ ಅಂತ ಕೇಳಿ.

ಆಮೇಲೆ ಔಷಧಿಗಳ ಪಟ್ಟಿ. ಮೂತ್ರ ತಡೆಯಲು ಕೊಡುವ ಆಕ್ಸಿಬ್ಯೂಟಿನಿನ್, ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್, ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ಮತ್ತು ಪ್ರಿಗ್ಯಾಬಲಿನ್, ನಿದ್ದೆ ಮಾತ್ರೆ, ಇವೆಲ್ಲ ಕೆಲವರಿಗೆ ಮಂಪರು ತರುತ್ತವೆ. ಪ್ರಮಾಣ ಅಥವಾ ಹೊತ್ತು ಬದಲಿಸಬಹುದೇ ಅಂತ ಡಾಕ್ಟರನ್ನು ಕೇಳಿ, ನೀವೇ ನಿಲ್ಲಿಸಬೇಡಿ. ಬ್ಯಾಕ್ಲೋಫೆನ್ ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆಯೂ ಆಗಬಹುದು.

ರಾತ್ರಿ ಮೂತ್ರಕ್ಕೆ ಮೂರು ನಾಲ್ಕು ಸಲ ಏಳುವವರಿಗೆ ಬೆಳಗ್ಗೆ ತಲೆ ಓಡದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಇದಕ್ಕೆ ಚಿಕಿತ್ಸೆ ಇದೆ. ಖಿನ್ನತೆಗೂ ಇದೆ. ಇವನ್ನು ಬಿಟ್ಟು ವ್ಯಾಯಾಮದಿಂದಲೇ ತಲೆ ತಿಳಿಯಾಗಲಿ ಅಂತ ಕಾದರೆ ಬೇಸರವೇ ಗತಿ.

ಅದೇ ಭೇಟಿಯಲ್ಲಿ ಹೃದಯ, ಬಿಪಿ ಮತ್ತು ಮೂಳೆಯ ಬಗ್ಗೆಯೂ ಕೇಳಿಬಿಡಿ. ಸ್ಟೀರಾಯ್ಡ್ ಹಲವು ಸಲ ತೆಗೆದುಕೊಂಡವರಲ್ಲಿ ಮೂಳೆ ಸವೆದಿರಬಹುದು, ಹಾಗಿದ್ದರೆ ಬೀಳದ ಹಾಗೆ ನೋಡಿಕೊಳ್ಳುವುದೇ ಮೊದಲ ಕೆಲಸ. ಸಾಧ್ಯವಾದರೆ ನರರೋಗದವರ ಜೊತೆ ಕೆಲಸ ಮಾಡಿ ಗೊತ್ತಿರುವ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಒಂದೆರಡು ಸಲವಾದರೂ ನೋಡಿ.

## ಹಂತ 2: ಸಾಮಾನು ಜೋಡಿಸಿಕೊಳ್ಳಿ

ಗೋಡೆಗೆ ಒತ್ತಿ ಇಟ್ಟ, ಚಕ್ರ ಇಲ್ಲದ ಗಟ್ಟಿ ಕುರ್ಚಿ. ಒಂದು ಫ್ಯಾನ್. ತಣ್ಣೀರಿನ ಬಾಟಲಿ, ಒದ್ದೆ ಬಟ್ಟೆ. ಟೈಮರ್, ಫೋನಿನದೇ ಸಾಕು. ವ್ಯಾಯಾಮದ ರಬ್ಬರ್ ಬ್ಯಾಂಡ್ ಒಂದು, ಜಾರದ ಶೂ, ಒಂದು ನೋಟ್‌ಬುಕ್. ನಡೆಯುವಾಗ ಕೋಲು ಅಥವಾ ಪಾದದ ಸ್ಪ್ಲಿಂಟ್ ಬಳಸುವವರು ವ್ಯಾಯಾಮದಲ್ಲೂ ಅದನ್ನು ಬಳಸಬೇಕು, ಅಲ್ಲಿ ಧೈರ್ಯ ತೋರಿಸುವುದೇನೂ ಇಲ್ಲ.

ನಾಡಿ ಎಣಿಸುವ ವಾಚ್ ಬೇಕಿಲ್ಲ. ಎಂಎಸ್ ಕೆಲವರಲ್ಲಿ ಹೃದಯದ ಬಡಿತವನ್ನು ನಡೆಸುವ ನರಗಳನ್ನೂ ತಟ್ಟುತ್ತದೆ, ಆಗ ಎಷ್ಟೇ ಕಷ್ಟಪಟ್ಟರೂ ನಾಡಿ ಏರಬೇಕಾದಷ್ಟು ಏರುವುದಿಲ್ಲ. ಅದನ್ನು ನೋಡಿ, ಇನ್ನೂ ಸಾಲದು ಅಂತ ತಮ್ಮನ್ನು ದೂಡಿಕೊಂಡವರು ಸುಸ್ತಾಗಿ ಕುಸಿಯುತ್ತಾರೆ.

## ಹಂತ 3: ಒಂದು ವಾರ ಬರೀ ಬರೆದಿಡಿ

ಈ ವಾರ ಹೊಸ ವ್ಯಾಯಾಮ ಇಲ್ಲ. ದಿನಕ್ಕೆ ಮೂರು ಸಲ, ಬೆಳಗ್ಗೆ, ಮಧ್ಯಾಹ್ನ ಮತ್ತು ಸಂಜೆ, ಸುಸ್ತಿಗೆ 0ಯಿಂದ 10ರ ಒಳಗೆ ಒಂದು ಅಂಕ ಕೊಡಿ. ನಿದ್ದೆ ಎಷ್ಟು ಗಂಟೆ ಅಂತ ಬರೆಯಿರಿ. ಸೆಕೆ ಇತ್ತೇ ಅನ್ನುವುದನ್ನೂ. ಮಾಮೂಲಿ ಓಡಾಟದಲ್ಲಿ ಎಷ್ಟು ನಿಮಿಷಕ್ಕೆ ಕಾಲು ಭಾರವಾಗತೊಡಗಿತು ಅನ್ನುವುದು ಮುಖ್ಯ, ಅದನ್ನು ದಿನವೂ ಬರೆಯಿರಿ.

ತಲೆಯ ಮಟ್ಟಿಗೆ ನಿಮ್ಮದೇ ಬದುಕಿನ ಮೂರು ಕೆಲಸ ಆರಿಸಿಕೊಳ್ಳಿ. ಓದಿದ ಪುಟವನ್ನು ಎಷ್ಟು ಸಲ ತಿರುಗಿ ಓದಬೇಕಾಯಿತು, ನಾಲ್ಕು ಜನ ಕೂತು ಮಾತಾಡುವಾಗ ಎಳೆ ಎಷ್ಟು ಸಲ ತಪ್ಪಿತು, ಯಾವ ಕೆಲಸ ಅರ್ಧಕ್ಕೆ ಮರೆತುಹೋಯಿತು, ಈ ಥರದ್ದು. ಆಸ್ಪತ್ರೆಯಲ್ಲಿ ಎಸ್‌ಡಿಎಂಟಿ ಅನ್ನುವ ಪರೀಕ್ಷೆ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು. ಅದರಲ್ಲಿ ಗುರುತುಗಳಿಗೆ ಅಂಕಿ ಹೊಂದಿಸುತ್ತಾ ಹೋಗಬೇಕು, ಇರುವುದು 90 ಸೆಕೆಂಡು. ಈ ಪರೀಕ್ಷೆಯನ್ನು ಮನೆಯಲ್ಲಿ ಪದೇ ಪದೇ ಅಭ್ಯಾಸ ಮಾಡಬೇಡಿ. ಪರೀಕ್ಷೆಯೇ ಬಾಯಿಪಾಠವಾಗಿ ಅಂಕ ಏರುತ್ತದೆ, ತಲೆ ಇದ್ದಲ್ಲೇ ಇರುತ್ತದೆ.

ವಾರದ ಕೊನೆಗೆ ಅತಿ ಕೆಟ್ಟ ದಿನದ ಪುಟ ತೆಗೆಯಿರಿ. ಆ ದಿನ 8 ನಿಮಿಷಕ್ಕೆ ಕಾಲು ಭಾರವಾಗಿದ್ದರೆ ನಿಮ್ಮ ಆರಂಭ 4 ನಿಮಿಷ. ಹೌದು, ನಾಲ್ಕೇ. ಇಷ್ಟು ಕಡಿಮೆ ಮಾಡಿದರೆ ಏನು ಬಂತು ಅನಿಸುತ್ತದೆ. ಬಂದದ್ದು ಇಷ್ಟು: ಒಳ್ಳೆಯ ದಿನ, ಕೆಟ್ಟ ದಿನ ಎರಡರಲ್ಲೂ ತಪ್ಪದೆ ಮಾಡಬಹುದಾದ ಒಂದು ಅಳತೆ ಕೈಗೆ ಸಿಕ್ಕಿತು. ಮುಂದಿನದೆಲ್ಲ ಅದರ ಮೇಲೆ ಕಟ್ಟುವುದು.

## ಹಂತ 4: ಬಿಸಿಯನ್ನು ಕಟ್ಟಿಹಾಕಿ

ಅರ್ಧಕ್ಕೆ ಬಿಟ್ಟವರಲ್ಲಿ ಬಹಳ ಜನರನ್ನು ಹೆದರಿಸಿದ್ದು ಬಿಸಿ. ಮಯಲಿನ್ ಕಳೆದುಕೊಂಡ ನರದಲ್ಲಿ ಸಂದೇಶ ಮೊದಲೇ ಕಷ್ಟಪಟ್ಟು ಸಾಗುತ್ತಿರುತ್ತದೆ. ಮೈಯ ಒಳಗಿನ ಬಿಸಿ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಸಾಕು, ಕೆಲವರಲ್ಲಿ ಅದು ನಿಂತೇ ಹೋಗುತ್ತದೆ. ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ, ಯೋಚನೆ ನಿಧಾನವಾಗುತ್ತದೆ. ಇದನ್ನು ಉಥಾಫ್ ಪರಿಣಾಮ ಅನ್ನುತ್ತಾರೆ. 1890ರಲ್ಲಿ ಇದನ್ನು ವಿವರಿಸಿದ ಜರ್ಮನ್ ಕಣ್ಣಿನ ವೈದ್ಯರು ವಿಲ್ಹೆಲ್ಮ್ ಉಥಾಫ್. ಮೈ ತಣ್ಣಗಾದರೆ ಇದೂ ಇಳಿಯುತ್ತದೆ, ಇದರಿಂದ ನರಕ್ಕೆ ಹೊಸ ಗಾಯ ಆಗುವುದಿಲ್ಲ. ಈ ಒಂದು ವಿಷಯ ಗೊತ್ತಿಲ್ಲದೆ, ರೋಗ ಏರಿತು ಅಂತ ಗಾಬರಿಯಾಗಿ ಜೀವನಪೂರ್ತಿ ಕುರ್ಚಿಗೆ ಅಂಟಿದವರಿದ್ದಾರೆ.

ಮಾಡಬೇಕಾದ್ದು ಸುಲಭ. ಶುರು ಮಾಡುವ ಮೊದಲು ತಣ್ಣೀರು ಕುಡಿಯಿರಿ, ನಡುನಡುವೆ ಗುಟುಕು ಗುಟುಕಾಗಿ ಕುಡಿಯುತ್ತಿರಿ. ಫ್ಯಾನ್ ಹಾಕಿಕೊಳ್ಳಿ, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಳ್ಳಿ. ಮೈ ತಂಪಾಗಿಡುವ ಕೂಲಿಂಗ್ ವೆಸ್ಟ್ ಸಿಗುತ್ತದೆ, ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಈಜುಕೊಳವಾದರೆ ನೀರು 27ರಿಂದ 29 ಡಿಗ್ರಿ ಆಸುಪಾಸು ಇರಲಿ. ಕೀಲು ನೋವಿನವರಿಗೆ ಅಂತ ಬೆಚ್ಚಗೆ ಇಟ್ಟ ಕೊಳ ಎಂಎಸ್‌ನವರಿಗೆ ಆಗಿಬರುವುದಿಲ್ಲ. ಬೆಳಗ್ಗೆ ದೇಹದ ಬಿಸಿ ಕಡಿಮೆ ಇರುತ್ತದೆ, ಹೆಚ್ಚಿನವರಿಗೆ ಸುಸ್ತೂ ಕಡಿಮೆ, ಹಾಗಾಗಿ ಆ ಹೊತ್ತು ಒಳ್ಳೆಯದು. ನಿಮ್ಮ ನೋಟ್‌ಬುಕ್ ಬೇರೆ ಹೇಳಿದರೆ ನೋಟ್‌ಬುಕ್ ಮಾತು ಕೇಳಿ.

ಎರಡು ತಪ್ಪು ಮಾತ್ರ ಬೇಡ. ವ್ಯಾಯಾಮ ಮುಗಿದ ಕೂಡಲೇ ಬಿಸಿನೀರಿನ ಸ್ನಾನ ಒಂದು. ಮೂತ್ರಕ್ಕೆ ಓಡಬೇಕಾದೀತು ಅಂತ ನೀರು ಕುಡಿಯದೆ ಇರುವುದು ಇನ್ನೊಂದು. ನೀರು ಕಡಿಮೆಯಾದರೆ ಮೂತ್ರದ ಸೋಂಕು, ಸೋಂಕಿನಿಂದ ಜ್ವರ, ಜ್ವರದಿಂದ ಹಳೆಯ ಲಕ್ಷಣಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ.

## ಹಂತ 5: ದಮ್ಮು ಕಟ್ಟುವ ವ್ಯಾಯಾಮ

ಈಗ ಶುರು. ನಡಿಗೆ, ಹಿಂದಕ್ಕೆ ಒರಗಿ ಕೂತು ತುಳಿಯುವ ಸೈಕಲ್, ಈಜು, ಯಾವುದಾದರೂ ಒಂದು. ಕಾಲು ಕೈಕೊಡುವವರು ಕೈಯಿಂದ ತಿರುಗಿಸುವ ಪೆಡಲ್ ಬಳಸಬಹುದು, ಕುರ್ಚಿಯಲ್ಲಿ ಕೂತೇ ಕೈಕಾಲು ಆಡಿಸಬಹುದು. ತಲೆ ಸುತ್ತುವವರಿಗೆ, ಸಮತೋಲ ತಪ್ಪುವವರಿಗೆ ಸೈಕಲ್ಲೇ ಸರಿ.

ಮೊದಲ ಎರಡು ವಾರ ಹಂತ 3ರಲ್ಲಿ ಸಿಕ್ಕ ಅಳತೆ ಮಾತ್ರ, ದಿನ ಬಿಟ್ಟು ದಿನ. ಜೋರು ಎಷ್ಟಿರಬೇಕು ಅಂದರೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. 10ಕ್ಕೆ ಅಂಕ ಕೊಡುವುದಾದರೆ 5ರ ಸುತ್ತಮುತ್ತ. ಒಂದೇ ಸಮ ಮಾಡುವ ಬದಲು ತುಂಡು ಮಾಡಿ: 2 ನಿಮಿಷ ನಡಿಗೆ, 2 ನಿಮಿಷ ಕೂರುವುದು, ಮತ್ತೆ 2 ನಿಮಿಷ. ಕೂತಾಗ ಮೈ ತಣಿಯುತ್ತದೆ, ಹಾಗಾಗಿ ಒಟ್ಟು ಹೆಚ್ಚು ಹೊತ್ತು ಮಾಡಲು ಆಗುತ್ತದೆ.

ಏರಿಸುವ ಕ್ರಮ ತಲೆಕೆಳಗಾಗಬಾರದು. ಮೊದಲು ತುಂಡುಗಳ ಸಂಖ್ಯೆ ಹೆಚ್ಚಿಸಿ, ಆಮೇಲೆ ಒಂದೊಂದು ತುಂಡಿನ ಉದ್ದ, ಕೊನೆಗೆ ವೇಗ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದು ಕೂಡ ಎರಡು ವಾರ ತಪ್ಪದೆ ನಡೆದ ಮೇಲೆ. ಮುಗಿಸಿ ಎರಡು ಗಂಟೆ ಕಳೆದ ಮೇಲೂ ಸುಸ್ತು ಇಳಿಯದಿದ್ದರೆ ಅವತ್ತಿನ ಅಳತೆ ಜಾಸ್ತಿಯಾಯಿತು ಅಂತ ಲೆಕ್ಕ, ಮುಂದಿನ ಸಲ ಒಂದು ಮೆಟ್ಟಿಲು ಇಳಿಯಿರಿ. ಒಳ್ಳೆಯ ದಿನ ಬಂದಾಗ? ಅವತ್ತೂ ಅಷ್ಟೇ. ಇದು ಎಲ್ಲಕ್ಕಿಂತ ಕಷ್ಟದ ನಿಯಮ, ಜನ ಮುರಿಯುವುದೂ ಇದನ್ನೇ.

ತಲುಪಬೇಕಾದ ಜಾಗ ಯಾವುದು ಅಂದರೆ, ಕಡಿಮೆಯಿಂದ ಮಧ್ಯಮ ಮಟ್ಟದ ತೊಂದರೆ ಇರುವವರಿಗೆ ವಾರಕ್ಕೆ ಎರಡು ಸಲ 30 ನಿಮಿಷದ ದಮ್ಮಿನ ವ್ಯಾಯಾಮ ಮತ್ತು ಎರಡು ಸಲ ಬಲದ ವ್ಯಾಯಾಮ ಅಂತ ಮಾರ್ಗಸೂಚಿ ಇದೆ. 2020ರ ಇನ್ನೊಂದು ಶಿಫಾರಸಿನಲ್ಲಿ ವಾರಕ್ಕೆ 150 ನಿಮಿಷದ ಚಟುವಟಿಕೆ ಅಂತ ಇದೆ, ಅದನ್ನೂ ನಿಧಾನವಾಗಿ ಶಕ್ತಿಗೆ ತಕ್ಕ ಹಾಗೆ ತಲುಪಿ ಅಂತಲೇ ಹೇಳಿದೆ. 4 ನಿಮಿಷದಿಂದ 30ಕ್ಕೆ ಹೋಗಲು ಕೆಲವರಿಗೆ ನಾಲ್ಕು ತಿಂಗಳು ಹಿಡಿಯಬಹುದು. ಹಿಡಿಯಲಿ.

ನಡೆಯುವಾಗ ಕಿವಿ ನೆಲದ ಕಡೆ ಇರಲಿ. ಪಾದದ ತುದಿ ನೆಲಕ್ಕೆ ಸವರುವ ಸದ್ದು ಬಂತೋ, ಆ ತುಂಡು ಅಲ್ಲಿಗೆ ಮುಗಿಯಿತು. ನಿಮಗೆ ಸುಸ್ತು ಅನಿಸುವ ಮೊದಲೇ ಈ ಸದ್ದು ಬರುತ್ತದೆ. ಎಡವಿ ಬೀಳುವುದು ಅದಾದ ಮೇಲೆ.

## ಹಂತ 6: ಬಲ ಮತ್ತು ಸಮತೋಲ ಕಾಯುವುದು

ದಮ್ಮಿನ ವ್ಯಾಯಾಮ ನಾಲ್ಕು ವಾರ ನಿಲ್ಲದೆ ನಡೆದ ಮೇಲೆ ಇದನ್ನು ಸೇರಿಸಿ, ಬೇರೆ ದಿನಗಳಲ್ಲಿ, ವಾರಕ್ಕೆ ಎರಡು ಸಲ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಗೆ ಕೈಯೂರಿ ತಳ್ಳುವುದು, ರಬ್ಬರ್ ಬ್ಯಾಂಡ್ ಎಳೆಯುವುದು. ಇಷ್ಟು ಸಾಕು. ಒಂದೊಂದನ್ನು 10ರಿಂದ 15 ಸಲ, ಮೊದಲು ಒಂದೇ ಸುತ್ತು. ಸುತ್ತುಗಳ ನಡುವೆ 2ರಿಂದ 4 ನಿಮಿಷ ಬಿಡುವು ಕೊಡಿ, ಅವಸರ ಮಾಡಬೇಡಿ. ಕಾಲಿನದು ಮೊದಲು, ಕೈಯದು ಆಮೇಲೆ.

ಬಿಗಿತ ಇರುವವರು ಎಳೆತಗಳನ್ನು ನಿಧಾನವಾಗಿ, ಅರ್ಧ ನಿಮಿಷ ಹಿಡಿದು ಮಾಡಿ. ಜಗ್ಗಿ ಜಗ್ಗಿ ಎಳೆದರೆ ಸ್ನಾಯು ಇನ್ನೂ ಮುದುಡುತ್ತದೆ. ಸಮತೋಲ ಕಾಯುವ ಅಭ್ಯಾಸ, ಅಂದರೆ ಒಂದು ಪಾದದ ಹಿಂದೆ ಇನ್ನೊಂದು ಇಟ್ಟು ನಿಲ್ಲುವುದು, ಗೋಡೆ ಮೂಲೆಯಲ್ಲಿ, ಮುಂದೆ ಕುರ್ಚಿ ಇಟ್ಟುಕೊಂಡು. ಕುತ್ತಿಗೆ ಬಗ್ಗಿಸಿದಾಗ ಬೆನ್ನಲ್ಲಿ ಕರೆಂಟು ಹೊಡೆದ ಹಾಗೆ ಆಗುವವರು ತಲೆ ಬಗ್ಗಿಸುವ ವ್ಯಾಯಾಮ ಬಿಡಿ.

## ಹಂತ 7: ತಲೆಗೂ ಕೆಲಸ ಕೊಡಿ

ಎಲ್ಲರೂ ಮೊದಲ ದಿನವೇ ಮಾಡಲು ಹೊರಡುವುದು ಇದನ್ನು. ನಡೆಯುತ್ತಾ ಲೆಕ್ಕ ಮಾಡಿದರೆ ಮೆದುಳು ಚುರುಕಾಗುತ್ತದೆ ಅಂತ ಎಲ್ಲೋ ಓದಿರುತ್ತಾರೆ. ಎಂಎಸ್‌ನಲ್ಲಿ ನಡಿಗೆಗೇ ಬೇರೆಯವರಿಗಿಂತ ಜಾಸ್ತಿ ಗಮನ ಬೇಕು. ಅದರ ಮೇಲೆ ಲೆಕ್ಕ ಹೇರಿದರೆ ಎರಡರಲ್ಲಿ ಒಂದು ಕೆಡುತ್ತದೆ, ಕೆಟ್ಟದ್ದು ನಡಿಗೆಯಾದರೆ ಬೀಳುತ್ತೀರಿ. ಹಂತ 5 ಮತ್ತು 6 ಎರಡು ತಿಂಗಳು ನಡೆದ ಮೇಲೆ ಮಾತ್ರ ಇಲ್ಲಿಗೆ ಬನ್ನಿ.

ಮೊದಲು ಕೂತು: ಸೈಕಲ್ ತುಳಿಯುತ್ತಾ 100ರಿಂದ ಮೂರು ಮೂರು ಕಳೆಯುತ್ತಾ ಬನ್ನಿ, ಇಲ್ಲವೇ 'ಮ' ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳಿ, ಒಂದು ನಿಮಿಷ ಸಾಕು. ಎರಡು ಮೂರು ವಾರ ಕಳೆದ ಮೇಲೆ ಕುರ್ಚಿ ಹಿಡಿದು ನಿಂತು ಅದನ್ನೇ ಮಾಡಿ. ಅದೂ ಸಲೀಸಾದ ಮೇಲೆ ಸಮತಟ್ಟು ಜಾಗದಲ್ಲಿ, ಪಕ್ಕದಲ್ಲಿ ಒಬ್ಬರಿದ್ದಾಗ ನಡೆಯುತ್ತಾ. ಮಾತಿಗೆ ನಡಿಗೆ ನಿಂತರೆ, ಪಾದ ಸವರಿದರೆ, ಲೆಕ್ಕ ಬಿಡಿ, ಹೆಜ್ಜೆ ನೋಡಿ. ರಸ್ತೆ ದಾಟುವಾಗ, ಮೆಟ್ಟಿಲಲ್ಲಿ ಈ ಅಭ್ಯಾಸ ಬೇಡವೇ ಬೇಡ.

ನೆನಪಿಗೆ ಬೇರೆಯದೇ ಅಭ್ಯಾಸ ಇದೆ, ಅದಕ್ಕೆ ನಡೆಯಬೇಕಾಗಿಲ್ಲ. ನೆನಪಿಡಬೇಕಾದ ಹತ್ತು ಪದಗಳನ್ನು ಒಂದು ಸಣ್ಣ ಕತೆಯಲ್ಲಿ ಹೆಣೆದು, ಆ ಕತೆಯನ್ನು ಕಣ್ಣ ಮುಂದೆ ಚಿತ್ರದ ಹಾಗೆ ತಂದುಕೊಳ್ಳಿ. ಕತೆ ಎಷ್ಟು ವಿಚಿತ್ರವಾದರೆ ಅಷ್ಟು ಒಳ್ಳೆಯದು. ನೆನಪು, ಯೋಚನೆಯ ತೊಂದರೆ ನೋಡುವ ನ್ಯೂರೋಸೈಕಾಲಜಿಸ್ಟ್ ಸಿಕ್ಕರೆ ಅವರೇ ಇದನ್ನು ಸರಿಯಾಗಿ ಕಲಿಸುತ್ತಾರೆ. ಇದನ್ನು ವ್ಯಾಯಾಮದ ಮೊದಲು ಮಾಡಿದರೆ ಚೆನ್ನೋ, ಮೈ ತಣಿದ ಮೇಲೆ ಮಾಡಿದರೆ ಚೆನ್ನೋ ಅಂತ ಎರಡೂ ಥರ ಒಂದೊಂದು ವಾರ ಮಾಡಿ ಬರೆದಿಡಿ.

## ಹಂತ 8: ಯಾವಾಗ ನಿಲ್ಲಿಸಬೇಕು

ಎದೆ ನೋವು, ಕಣ್ಣು ಕತ್ತಲೆ ಬಂದು ಬೀಳುವ ಹಾಗಾಗುವುದು, ಎಂದೂ ಇಲ್ಲದ ಉಸಿರಾಟದ ಕಷ್ಟ, ಇವು ಬಂದರೆ ಕೂಡಲೇ ನಿಲ್ಲಿಸಿ, ಸಹಾಯಕ್ಕೆ ಕರೆಯಿರಿ. ಮುಖ ಒಂದು ಕಡೆ ವಾಲುವುದು, ಮಾತು ದಿಢೀರ್ ತೊದಲುವುದು, ಒಂದು ಕೈ ಏಕಾಏಕಿ ಬಿದ್ದುಹೋಗುವುದು ಕಂಡರೆ, ಎಂಎಸ್ ಇರಬೇಕು ಅಂತ ಕಾಯಬೇಡಿ. ಅದು ಸ್ಟ್ರೋಕ್ ಆಗಿರಬಹುದು, ತುರ್ತು ಚಿಕಿತ್ಸೆಗೆ ಹೋಗಿ.

ಹಳೆಯ ಲಕ್ಷಣ ಏರಿ, ತಣ್ಣಗಾದ ಮೇಲೆ ಇಳಿದರೆ ಅದು ಬಿಸಿಯ ಆಟ. ಮುಂದಿನ ಸಲ ಅಳತೆ ಇಳಿಸಿ, ತಂಪು ಹೆಚ್ಚಿಸಿ. ಹೊಸ ಲಕ್ಷಣ ಬಂದು, ಅಥವಾ ಹಳೆಯದು ಜೋರಾಗಿ, 24 ಗಂಟೆ ದಾಟಿದರೆ ರಿಲ್ಯಾಪ್ಸ್, ಅಂದರೆ ರೋಗ ಮತ್ತೆ ಕೆರಳಿದ್ದು, ಇರಬಹುದು, ನ್ಯೂರಾಲಜಿಸ್ಟ್‌ಗೆ ಫೋನ್ ಮಾಡಿ. ಜೊತೆಗೆ ಜ್ವರ ಅಥವಾ ಉರಿಮೂತ್ರ ಇದ್ದರೆ ಸೋಂಕಿನ ಅನುಮಾನ, ಅದನ್ನು ಮೊದಲು ನೋಡಿಸಿ. ರಿಲ್ಯಾಪ್ಸ್ ಅಂತ ಗೊತ್ತಾದರೆ ಈ ಕ್ರಮವನ್ನು ಅಲ್ಲಿಗೇ ನಿಲ್ಲಿಸಿ. ಡಾಕ್ಟರು ಒಪ್ಪಿದ ಮೇಲೆ ಹಂತ 3ರಿಂದ ಮತ್ತೆ ಅಳೆಯಿರಿ, ಯಾಕೆಂದರೆ ನಿಮ್ಮ ಕೆಟ್ಟ ದಿನ ಈಗ ಬೇರೆಯಾಗಿರುತ್ತದೆ.

## ಹಂತ 9: ಮೂರು ತಿಂಗಳಿಗೆ ಒಮ್ಮೆ ಅಳೆಯಿರಿ

ವಾರ ವಾರ ನೋಡಿದರೆ ಏನೂ ಕಾಣುವುದಿಲ್ಲ, ಮನಸ್ಸು ಕುಗ್ಗುತ್ತದೆ. 12 ವಾರಕ್ಕೆ ಒಮ್ಮೆ ಮೊದಲ ವಾರದ ಪುಟಗಳ ಪಕ್ಕ ಈಗಿನದನ್ನು ಇಟ್ಟು ನೋಡಿ. ಸುಸ್ತಿನ ಅಂಕ, ಕಾಲು ಭಾರವಾಗುವ ನಿಮಿಷ, ಆ ಮೂರು ಕೆಲಸ. ಅಳೆಯುವುದು ಅದೇ ಹೊತ್ತಿಗೆ, ಅದೇ ತಂಪಿನಲ್ಲಿ ಆಗಲಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥ ಇಲ್ಲ. ಎಸ್‌ಡಿಎಂಟಿಯನ್ನು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು. ಅದರಲ್ಲಿ 4 ಅಂಕದಷ್ಟು ವ್ಯತ್ಯಾಸ ಬಂದರೆ ಸಾಮಾನ್ಯವಾಗಿ ಗಮನಕ್ಕೆ ತೆಗೆದುಕೊಳ್ಳುತ್ತಾರೆ, ಒಂದೆರಡು ಅಂಕ ಇಳಿದದ್ದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ.

ನಡುವೆ ತಪ್ಪಿಹೋಗುವುದು ಇದ್ದೇ ಇದೆ. ಒಂದು ವಾರ ತಪ್ಪಿದರೆ ಎರಡು ವಾರದ ಹಿಂದಿನ ಅಳತೆಗೆ ಇಳಿದು ಶುರು ಮಾಡಿ. ತಿಂಗಳು ದಾಟಿದರೆ ನೋಟ್‌ಬುಕ್‌ನಲ್ಲಿ ಹೊಸ ಪುಟ ತೆಗೆದು, ಹಂತ 3ರ ಹಾಗೆ ಒಂದು ವಾರ ಬರೀ ಬರೆಯಿರಿ.